ಹೆಸರು ಹೇಳಿ ಕೇಳಬೇಕಾದ ಹಣ್ಣುಗಳು

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಉಬ್ರಾಣಿ ಎಂಬ ಹೋಬಳಿ ಇದೆ. ಮಲೆನಾಡು ಮುಗಿದು ಬಯಲುಸೀಮೆ ಇನ್ನೂ ಪೂರ್ತಿಯಾಗಿ ತೊಡಗದ ಅರೆಮಲೆನಾಡು ಅದು. 1997ರವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಈ ಸೀಮೆಯಲ್ಲಿ ಇಂದು ಅಡಿಕೆಯದೇ ರಾಜ್ಯ. ಭದ್ರೆಯ ನೀರನ್ನು ಮೇಲೆತ್ತಿ ಕೆರೆಗಳನ್ನು ತುಂಬಿಸುವ ಉಬ್ರಾಣಿ–ಅಮೃತಾಪುರ ಏತನೀರಾವರಿ ಯೋಜನೆಯಿಂದಾಗಿ ಊರಿನ ಹೆಸರು ದೂರದವರಿಗೂ ಪರಿಚಿತವಾಗಿದೆ. ಅಡಿಕೆಯನ್ನು ಕೊಳ್ಳಲು ಬರುವ ವ್ಯಾಪಾರಿಗೆ ಇಲ್ಲಿ ಬೇರೇನೂ ಕಾಣಿಸದಿದ್ದರೆ ಆಶ್ಚರ್ಯವಿಲ್ಲ.

ಆದರೆ ಅಡಿಕೆತೋಟವೆಂದರೆ ಅಡಿಕೆಯೊಂದೇ ಅಲ್ಲ. ಎಳೆಯ ಅಡಿಕೆಸಸಿ ಬಿಸಿಲನ್ನು ತಾಳಲಾರದು. ಆದುದರಿಂದ ಅದರ ನೆರಳಿಗೆಂದು ನಡುವೆ ಬಾಳೆಯನ್ನು ನೆಡುವುದು ಬೆಳೆಗಾರರ ವಾಡಿಕೆ. ಅಡಿಕೆಸೀಮೆಯ ಹಳೆಯ ತೋಟಗಳ ಬದುವಿನಲ್ಲಿ ಮಾವು, ಬೇಲಿಯ ಅಂಚಿನಲ್ಲಿ ಹಲಸು, ಬಾವಿಯ ಮಗ್ಗುಲಲ್ಲಿ ಹೇರಳೆಯೋ ಕಂಚಿಯೋ ಇರುವುದುಂಟು. ಅಡಿಕೆ ಮಾರುಕಟ್ಟೆಯ ಬೆಳೆ. ಇವು ಮನೆಯ ಬೆಳೆ. ಅಡಿಕೆಯ ಲೆಕ್ಕ ಕ್ವಿಂಟಲಿನಲ್ಲಿ. ಇವುಗಳ ಲೆಕ್ಕ ಹೆಸರಿನಲ್ಲಿ. ‘ಬಾಳೆಗೊನೆ ತಾ’ ಎಂದು ಹೇಳಿದರೆ ತೋಟದ ಮನೆಯವರಿಗೆ ಸಾಲದು. ಪುಟ್ಟಬಾಳೆಯೇ, ಪಚ್ಚಬಾಳೆಯೇ, ಪಲ್ಯಕ್ಕೆ ಬೇಕೋ, ಪೂಜೆಗೆ ಬೇಕೋ ಎಂಬ ಮರುಪ್ರಶ್ನೆ ಕೂಡಲೇ ಬರುತ್ತದೆ.

ಪಟ್ಟಣದಲ್ಲಿ ಈ ಮರುಪ್ರಶ್ನೆ ಮೆಲ್ಲಮೆಲ್ಲನೆ ಮಾಯವಾಗುತ್ತಿದೆ. ಅಂಗಡಿಯಲ್ಲಿ ನಾಲ್ಕು ಹಣ್ಣು, ಅವುಗಳಿಗೆ ನಾಲ್ಕು ಬೆಲೆ. ಅಷ್ಟಕ್ಕೆ ವ್ಯವಹಾರ ಮುಗಿಯಿತು. ಇದರಿಂದ ನಷ್ಟವಾಗುವುದು ನಾಲಿಗೆಗೆ ಮಾತ್ರವಲ್ಲ. ಕೇಳುವವರಿಲ್ಲದ ಹಣ್ಣನ್ನು ಬೆಳೆಯುವವರಿಲ್ಲ. ಬೆಳೆಯುವವರಿಲ್ಲದ ತಳಿ ಒಂದು ತಲೆಮಾರಿನಲ್ಲಿಯೇ ಅಳಿದುಹೋಗಬಲ್ಲದು. ಹಣ್ಣುಗಳ ಹುಟ್ಟು, ರುಚಿ, ಅಡುಗೆಯಲ್ಲಿ ಅವುಗಳ ಸ್ಥಾನ ಇವನ್ನು ತಿಳಿದಿರಬೇಕಾದುದು ಈ ಕಾರಣದಿಂದ.

ತವರಿನವು, ಬಂದವು

ನಮ್ಮವೆಂದು ಭಾವಿಸಿರುವ ಹಣ್ಣುಗಳಲ್ಲಿ ಎಷ್ಟೋ ಕಡಲಾಚೆಯಿಂದ ಬಂದವು. ಕೆಲವುಗಳ ಹೆಸರೇ ಅದಕ್ಕೆ ಸಾಕ್ಷಿ. ಪರಂಗಿ ಹಣ್ಣೆಂದರೆ ಫರಂಗಿಯವರು, ಎಂದರೆ ಯೂರೋಪಿನವರು, ತಂದ ಹಣ್ಣು. ಅಮೆರಿಕ ಖಂಡದ ಈ ಫಲವನ್ನು ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದರು. ಅನಾನಸ್ ಎಂಬುದು ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಮಾತು. ಸೀಬೆಯನ್ನು ಪೇರಲವೆಂದು ಕರೆಯುವಾಗ ನುಡಿಯುವುದು ಪೋರ್ಚುಗೀಸರ ‘ಪೇರ’ ಶಬ್ದವನ್ನೇ. ಸಪೋಟವೂ ಮೆಕ್ಸಿಕೋ ಕಡೆಯದು. ಸೀತೆಯ ಹೆಸರನ್ನು ಹೊತ್ತಿದ್ದರೂ ಸೀತಾಫಲದ ತವರು ಕೂಡ ಅಮೆರಿಕವೇ.

ಇದಕ್ಕೆ ಪ್ರತಿಯಾಗಿ ಇಲ್ಲಿಂದ ಹೊರಟವೂ ಇವೆ. ಹಲಸು ಪಶ್ಚಿಮಘಟ್ಟದ ಮಗು. ಇಂಗ್ಲಿಷರು ಅದನ್ನು ‘ಜಾಕ್’ ಎನ್ನುವುದು ಮಲೆಯಾಳದ ‘ಚಕ್ಕ’ವು ಪೋರ್ಚುಗೀಸರ ಬಾಯಲ್ಲಿ ‘ಜಾಕ’ ಆದುದರಿಂದ. ಮಾವಿನ ಮೂಲ ಈಶಾನ್ಯ ಭಾರತ ಮತ್ತು ಮ್ಯಾನ್ಮಾರ್‌ಗಳ ಗಡಿಸೀಮೆ. ಬಾಳೆ ಹುಟ್ಟಿದ್ದು ಆಗ್ನೇಯ ಏಷ್ಯ ಮತ್ತು ನ್ಯೂಗಿನಿಗಳಲ್ಲಿ. ಅಲ್ಲಿಯ ಒಂದು ಜವುಗುನೆಲದಲ್ಲಿ ಸುಮಾರು 7,000 ವರ್ಷಗಳ ಹಿಂದೆಯೇ ಬಾಳೆಯನ್ನು ನೆಟ್ಟು ಬೆಳೆಯುತ್ತಿದ್ದರೆಂದು ಪುರಾತತ್ತ್ವಜ್ಞರು ಕಂಡುಕೊಂಡಿದ್ದಾರೆ. ಇಂದು ಬಾಳೆ, ಮಾವು ಎರಡನ್ನೂ ಲೋಕದಲ್ಲೆಲ್ಲ ಅತಿ ಹೆಚ್ಚಾಗಿ ಬೆಳೆಯುವ ದೇಶ ಭಾರತವೇ.

ಒಂದೇ ತಾಯಿಯ ಮಕ್ಕಳು

ಬಾಳೆಯ ಬದುಕು ವಿಚಿತ್ರವಾದುದು. ನಾವು ತಿನ್ನುವ ಬಾಳೆಯಲ್ಲಿ ಮೊಳೆಯುವ ಬೀಜವಿಲ್ಲ. ತಾಯಿಗಿಡದ ಬುಡದ ಕಂದನ್ನು ಕಿತ್ತು ನೆಟ್ಟರೆ ಮಾತ್ರ ಹೊಸ ಗಿಡ. ಹೀಗಿರುವುದರಿಂದ ಒಂದು ತಳಿಯ ಗಿಡಗಳೆಲ್ಲವೂ ಗುಣದಲ್ಲಿ ಒಂದೇ. ಅಜ್ಜ ತಿಂದ ರುಚಿಯೇ ಮೊಮ್ಮಗನಿಗೂ ಸಿಗುವುದು ಇದರ ಲಾಭ. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲುವುದು ಇದರ ಅಪಾಯ.

ಈ ಅಪಾಯದ ಕಥೆಯನ್ನು ನಂಜನಗೂಡಿನ ರಸಬಾಳೆ ಹೇಳುತ್ತದೆ. ಮೈಸೂರು ಜಿಲ್ಲೆಯ ನಂಜನಗೂಡು, ಅದರ ನೆರೆಯ ದೇವರಸನಹಳ್ಳಿ ಮುಂತಾದ ಕಡೆಗಳ ಕಪ್ಪುಮಣ್ಣಿನಲ್ಲಿ ಬೆಳೆದ ಈ ಹಣ್ಣಿಗೆ ತೆಳುವಾದ ಸಿಪ್ಪೆ, ಬೆಣ್ಣೆಯಂಥ ತಿರುಳು, ಸಿಹಿಯ ಹಿಂದೆಯೇ ಇಣುಕುವ ನವುರಾದ ಹುಳಿ. ಇದರ ಕಂಪು ಕೋಣೆಯ ಬಾಗಿಲಲ್ಲೇ ಎದುರಾಗುತ್ತದೆ. ಆದರೆ ಮಣ್ಣಿನಲ್ಲಿರುವ ಒಂದು ಬೂಷ್ಟು ಬೇರಿನಿಂದ ಒಳಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಎಲೆಗಳು ಹಳದಿಯಾಗಿ ಜೋತುಬಿದ್ದು ಗಿಡ ಸಾಯುತ್ತದೆ. ಪನಾಮಾ ಸೊರಗು ರೋಗವೆಂದು ಇದರ ಹೆಸರು. ರೋಗಾಣು ನೆಲದಲ್ಲಿ ಹಲವು ದಶಕಗಳ ಕಾಲ ಉಳಿಯಬಲ್ಲದು. ಆದಕಾರಣ ಗಿಡವನ್ನು ಕಿತ್ತು ಬೇರೆ ಗಿಡ ನೆಟ್ಟರೂ ಫಲವಿಲ್ಲ. ಊರಿಗೆ ಹೆಸರು ತಂದ ರಸಬಾಳೆ ಕೆಲವೇ ತೋಟಗಳಿಗೆ ಇಳಿದುಹೋಯಿತು. ಅನಂತರ ಭೌಗೋಳಿಕ ಸೂಚಕದ ಮಾನ್ಯತೆ ದೊರೆತು, ಅಂಗಾಂಶ ಕೃಷಿಯಿಂದ ತಯಾರಿಸಿದ ಸಸಿಗಳ ಮೂಲಕ ಅದನ್ನು ಮತ್ತೆ ಹಬ್ಬಿಸುವ ಪ್ರಯತ್ನಗಳು ನಡೆದಿವೆ.

ಇದು ನಂಜನಗೂಡಿನ ಸಂಕಟ ಮಾತ್ರವಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕ, ಯೂರೋಪುಗಳ ಪೇಟೆಗಳನ್ನು ತುಂಬಿದ್ದ ‘ಗ್ರೋ ಮಿಶೆಲ್’ ಎಂಬ ಬಾಳೆ ಇದೇ ರೋಗಕ್ಕೆ ತುತ್ತಾಗಿ, 1960ರ ಸುಮಾರಿಗೆ ವ್ಯಾಪಾರದಿಂದ ಮರೆಯಾಯಿತು. ಅದರ ಜಾಗಕ್ಕೆ ಬಂದುದು ಕ್ಯಾವೆಂಡಿಷ್. 1830ರ ದಶಕದಲ್ಲಿ ಇಂಗ್ಲೆಂಡಿನ ಡ್ಯೂಕನೊಬ್ಬನ ಗಾಜಿನ ಮನೆಯಲ್ಲಿ ಫಲಬಿಟ್ಟು, ಆತನ ಮನೆತನದ ಹೆಸರನ್ನು ಪಡೆದ ಬಾಳೆ ಅದು. ನಮ್ಮ ಪಚ್ಚಬಾಳೆ ಅದೇ ಬಳಗದ್ದು. ಈಗ ಸೊರಗು ರೋಗದ ಹೊಸ ಬಗೆಯೊಂದು ಕ್ಯಾವೆಂಡಿಷನ್ನೂ ಹಿಡಿಯತೊಡಗಿದೆ. ಲೋಕವೆಲ್ಲ ಒಂದೇ ಹಣ್ಣನ್ನು ನೆಚ್ಚಿದರೆ ಒದಗುವ ಗತಿ ಇದು. ಉಬ್ರಾಣಿಯಂಥ ಊರುಗಳ ತೋಟದಲ್ಲಿ ನಾಲ್ಕಾರು ಬಗೆಯ ಬಾಳೆ ಇರುವುದರ ಮಹತ್ತ್ವ ಇಲ್ಲಿ ತಿಳಿಯುತ್ತದೆ.

ಇನ್ನು ಅಡುಗೆಯ ಮಾತು. ಮೈಸೂರಿನ ಕಡೆಯವರು ಏಲಕ್ಕಿ ಬಾಳೆ ಎನ್ನುವುದನ್ನೇ ಮಲೆನಾಡಿನವರು ಪುಟ್ಟಬಾಳೆ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಅದು ಜವಾರಿ ಬಾಳೆ. ಚಿಕ್ಕದಾದರೂ ಗಟ್ಟಿ ತಿರುಳಿನ, ಜೇನಿನಂಥ ಹಣ್ಣು. ಎಳೆಯ ಮಕ್ಕಳಿಗೂ ನೈವೇದ್ಯಕ್ಕೂ ಒಪ್ಪುತ್ತದೆ. ರಸಾಯನಕ್ಕೆ ರಸಬಾಳೆ ಅಥವಾ ಚೆನ್ನಾಗಿ ಕಳಿತ ಪುಟ್ಟಬಾಳೆಯನ್ನು ಬಿಲ್ಲೆಗಳಾಗಿ ಹೆಚ್ಚಿ, ಬೆಲ್ಲ ಕರಗಿಸಿದ ಕಾಯಿಹಾಲು, ಏಲಕ್ಕಿಪುಡಿ, ಚಿಟಿಕೆ ಉಪ್ಪು ಸೇರಿಸಿದರೆ ಒತ್ತುಶ್ಯಾವಿಗೆಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯಕ್ಕೆ ರವೆ, ಹಾಲು, ತುಪ್ಪ, ಸಕ್ಕರೆಗಳೊಡನೆ ಬಾಳೆಹಣ್ಣು ಬೇಕೇ ಬೇಕು. ‘ಸಪಾದ’ವೆಂದರೆ ಒಂದೂಕಾಲು, ಪದಾರ್ಥಗಳನ್ನು ಆ ಅಳತೆಯಲ್ಲಿ ತೆಗೆದುಕೊಳ್ಳುವುದರಿಂದ ಆ ಹೆಸರು. ಹಲ್ವಕ್ಕೆ ನೇಂದ್ರಬಾಳೆಯೇ ಸರಿ. ಅದರ ತಿರುಳು ತುಪ್ಪದಲ್ಲಿ ಬಾಡಿದರೂ ನೀರೊಡೆಯುವುದಿಲ್ಲ. ಸಿಪ್ಪೆ ಕಪ್ಪಾಗಿ ಯಾರೂ ಮುಟ್ಟದ ಪಚ್ಚಬಾಳೆಯನ್ನು ಎಸೆಯಬೇಕಾಗಿಲ್ಲ. ಅದನ್ನು ಕಿವುಚಿ ಮೈದಾ, ಮೊಸರು, ಸಕ್ಕರೆ, ಜೀರಿಗೆ ಸೇರಿಸಿ ಕಲಸಿ, ರಾತ್ರಿಯಿಡೀ ನೆನೆಯಬಿಟ್ಟು ಬೆಳಗ್ಗೆ ಕರಿದರೆ ಮಂಗಳೂರಿನ ಬನ್ಸ್ ಸಿದ್ಧ.

ಮಾವು: ಹಣ್ಣಿಗೊಂದು, ಮಿಡಿಗೊಂದು

ಬಾಳೆಗೆ ಕಂದು ಇದ್ದಂತೆ ಮಾವಿಗೆ ಕಸಿ. ಒಳ್ಳೆಯ ಮಾವಿನ ಓಟೆಯನ್ನು ನೆಟ್ಟರೆ ಅದೇ ಹಣ್ಣು ಬರುವುದೆಂಬ ಭರವಸೆಯಿಲ್ಲ. ಕಸಿ ಕಟ್ಟುವ ಕಲೆಯನ್ನು ಗೋವೆಯಲ್ಲಿ ಪೋರ್ಚುಗೀಸರು ಬಳಕೆಗೆ ತಂದಮೇಲೆ ಹೆಸರಾಂತ ತಳಿಗಳು ನಿಂತವು. ಆಲ್ಫಾನ್ಸೋ ಎಂಬ ಹೆಸರು ಆ ಕಾಲದ ಅಫೋನ್ಸೋ ಡ ಆಲ್ಬುಕರ್ಕನದು. ಅದೇ ಹಣ್ಣು ನಮ್ಮಲ್ಲಿ ಬಾದಾಮಿ. 1970ರ ದಶಕದ ಆರಂಭದಲ್ಲಿ ನೀಲಂ ಮತ್ತು ದಶೇರಿಗಳನ್ನು ಕೂಡಿಸಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಹೊರತಂದ ಮಲ್ಲಿಕಾ ಇಂದು ಕರ್ನಾಟಕದಲ್ಲೂ ಮನೆಮಾತು.

ಯಾವ ಮಾವು ಯಾವುದಕ್ಕೆ? ಬಾದಾಮಿ ಮತ್ತು ಮಲ್ಲಿಕಾಗಳಲ್ಲಿ ನಾರು ಕಡಿಮೆ. ಹೋಳುಮಾಡಿ ತಟ್ಟೆಯಲ್ಲಿಡಲು ಇವು ಲೇಸು. ರಸಪುರಿ ಹೆಸರಿಗೆ ತಕ್ಕಂತೆ ರಸದ ಗಡಿಗೆ. ಸೀಕರಣೆಗೆ ಅದನ್ನು ಮೀರಿಸುವುದು ಕಷ್ಟ. ಹಣ್ಣನ್ನು ಹಿಂಡಿ, ಹಾಲು, ಸಕ್ಕರೆ, ಏಲಕ್ಕಿ ಬೆರೆಸಿದರೆ ಹೋಳಿಗೆಗೂ ಪೂರಿಗೂ ನಂಟು. ಗಿಣಿಮೂತಿ ಎಂದು ಮಕ್ಕಳು ಕರೆಯುವ ತೋತಾಪುರಿ ಕಾಯಾಗಿದ್ದಾಗಲೇ ಹೆಚ್ಚು ಬೆಲೆಯುಳ್ಳದ್ದು. ಚಿತ್ರಾನ್ನಕ್ಕೂ ಗೊಜ್ಜಿಗೂ ಅದರ ಹದವಾದ ಹುಳಿ ಹೊಂದುತ್ತದೆ. ಉತ್ತರಕನ್ನಡದ ಅಂಕೋಲೆಯ ಕರಿ ಇಶಾಡು ತೆಳುಸಿಪ್ಪೆಯ, ತುಂಬುರಸದ ಹಣ್ಣು. ಬಹುದಿನ ಇಡಲಾಗದು, ದೂರ ಸಾಗಿಸಲೂ ಆಗದು. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಅದರ ನಿಜವಾದ ರುಚಿಯನ್ನು ಬಲ್ಲವರು ಇಂದಿಗೂ ಆ ಕರಾವಳಿಯವರೇ.

ಹಣ್ಣಾಗುವವರೆಗೆ ಕಾಯದ ಮಾವೂ ಒಂದಿದೆ. ಅದು ಅಪ್ಪೆಮಿಡಿ. ಅಘನಾಶಿನಿ, ಶರಾವತಿ, ವರದಾ, ಕಾಳಿ ಮುಂತಾದ ಹೊಳೆಗಳ ದಂಡೆಗಳಲ್ಲಿ ತಾನಾಗಿ ಬೆಳೆದ ಈ ಮರಗಳ ಮಿಡಿಯನ್ನು ಮುರಿದರೆ ಒಂದರಲ್ಲಿ ಜೀರಿಗೆಯ ವಾಸನೆ, ಇನ್ನೊಂದರಲ್ಲಿ ಕರ್ಪೂರದ ವಾಸನೆ. ಉಪ್ಪಿನಕಾಯಿ ಹಾಕುವವರು ತೊಟ್ಟನ್ನು ಒಂದಂಗುಲದಷ್ಟು ಉಳಿಸಿಯೇ ಕೊಯ್ಯಿಸುತ್ತಾರೆ. ತೊಟ್ಟು ಹೋದರೆ ಸೊನೆ ಸೋರುತ್ತದೆ, ಸೊನೆಯೊಡನೆ ಕಂಪೂ ಬಾಳಿಕೆಯೂ ಹೋಗುತ್ತವೆ. ಮಿಡಿಯ ಮೇಲೆ ಕಲ್ಲುಪ್ಪು, ಉಪ್ಪಿನ ಮೇಲೆ ಮಿಡಿ, ಹೀಗೆ ಭರಣಿಯನ್ನು ತುಂಬಿ, ಮಿಡಿ ಸುಕ್ಕುಗಟ್ಟಿದ ಮೇಲೆ ಸಾಸಿವೆ, ಮೆಣಸಿನಕಾಯಿಗಳ ಖಾರವನ್ನು ಬೆರೆಸುವುದು ಕ್ರಮ. ಹುಳಿಮಾವಿನ ಕಾಯನ್ನು ಬೇಯಿಸಿ ಕಿವುಚಿ, ತಿಳಿಯಾಗಿ ನೀರು ಬೆರೆಸಿ ಒಗ್ಗರಣೆ ಕೊಟ್ಟ ಅಪ್ಪೆಹುಳಿಯೋ, ಬೇಸಗೆಯ ಮಧ್ಯಾಹ್ನಕ್ಕೆ ಊಟವೂ ಹೌದು, ಪಾನೀಯವೂ ಹೌದು.

ಈ ಮಿಡಿಯ ಮೇಲಿನ ಆಸೆಯೇ ಮರಕ್ಕೆ ಮುಳುವಾದುದೂ ಉಂಟು. ಹೊಳೆದಂಡೆಯ ಮರ ಯಾರದೂ ಅಲ್ಲದ್ದರಿಂದ, ಮಿಡಿಗಾಗಿ ಕೊಂಬೆಯನ್ನೇ ಕಡಿದು ಕೆಡಹುವವರಿದ್ದಾರೆ. ಅದೇ ಕಾಲಕ್ಕೆ ಒಳ್ಳೆಯ ಮರಗಳನ್ನು ಗುರುತಿಸಿ, ಕುಡಿ ತಂದು, ತೋಟದಲ್ಲಿ ಕಸಿ ಕಟ್ಟಿ ಉಳಿಸಿಕೊಂಡ ಕೃಷಿಕರೂ ಮಲೆನಾಡಿನಲ್ಲಿದ್ದಾರೆ. ಅಪ್ಪೆಮಿಡಿಯ ಮುಂದಿನ ದಿನಗಳು ಇವರ ಕೈಯಲ್ಲಿವೆ.

ಹಲಸಿನ ಭಾಗ್ಯ

ಹಸಿದಾಗ ಹಲಸು, ಉಂಡಾಗ ಮಾವು ಎಂಬ ಗಾದೆ ಎಲ್ಲರಿಗೂ ಗೊತ್ತು. ಆ ಹಸಿವಿನ ನಂಟಿನಿಂದಲೇ ಹಲಸು ಬಡವರ ಹಣ್ಣೆನಿಸಿ, ಪಟ್ಟಣದ ಮೇಜಿನಿಂದ ದೂರ ಉಳಿಯಿತೇನೋ! ಮಲೆನಾಡಿನವರು ಅದರಲ್ಲಿ ಮುಖ್ಯವಾಗಿ ಎರಡು ಜಾತಿ ಎಣಿಸುತ್ತಾರೆ. ತೊಳೆ ಗಟ್ಟಿಯಾಗಿ ಕರುಮುರು ಎನ್ನುವುದು ಬಕ್ಕೆ; ಮೆತ್ತಗೆ ಜಾರುವುದು ಅಂಬಲಿ. ಬಕ್ಕೆಯನ್ನು ಹಾಗೆಯೇ ತಿನ್ನಬೇಕು. ಇಲ್ಲವೆ ತೊಳೆಯನ್ನು ಹೆಚ್ಚಿ ಪಾಯಸ ಮಾಡಬೇಕು. ಅಂಬಲಿಯ ರಸಕ್ಕೆ ಅಕ್ಕಿತರಿ, ಬೆಲ್ಲ, ಕಾಯಿತುರಿ ಕೂಡಿಸಿ ಬಾಳೆಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದರೆ ಕಡುಬು. ಅದೇ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಎಣ್ಣೆಗೆ ಬಿಟ್ಟರೆ ಮುಳಕ. ಬಲಿತ ಕಾಯಿಯ ತೊಳೆ ಹಪ್ಪಳಕ್ಕೆ, ಎಳೆಯ ಗುಜ್ಜೆ ಪಲ್ಯಕ್ಕೆ, ಬೀಜ ಸಾರಿಗೆ. ಹೀಗೆ ಎಸೆಯುವ ಭಾಗವೇ ಕಡಿಮೆ.

ಹಲಸಿನ ದೊಡ್ಡ ತೊಂದರೆ ಅದರ ಗಾತ್ರ. ನಾಲ್ವರ ಮನೆಗೆ ಹತ್ತು ಕಿಲೋ ಹಣ್ಣನ್ನು ತರುವುದೆಂತು? ಇದಕ್ಕೆ ಉತ್ತರ ತುಮಕೂರು ಜಿಲ್ಲೆಯ ಚೇಳೂರಿನ ಒಂದು ತೋಟದಲ್ಲಿತ್ತು. ಸುಮಾರು ಎರಡೂವರೆ ಕಿಲೋ ತೂಗುವ, ತಾಮ್ರಗೆಂಪು ತೊಳೆಯ ಹಣ್ಣನ್ನು ಬಿಡುವ ಮರವೊಂದು ಅಲ್ಲಿ ಬೆಳೆದು ನಿಂತಿತ್ತು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರ ಅದರ ಗುಣವನ್ನು ಗುರುತಿಸಿತು. ಮರವನ್ನು ನೆಟ್ಟ ಹಿರಿಯನ ನೆನಪಿಗೆ ‘ಸಿದ್ದು’ ಎಂದು ಹೆಸರಿಟ್ಟು, ಕಸಿಗಿಡಗಳನ್ನು ತಯಾರಿಸಿ ಮಾರಲು ತೋಟದವರೊಡನೆ 2017ರಲ್ಲಿ ಒಪ್ಪಂದ ಮಾಡಿಕೊಂಡಿತು. ಬಂದ ಹಣದ ದೊಡ್ಡ ಪಾಲು ಮರದ ಒಡೆಯರಿಗೇ ಸಲ್ಲುವ ಏರ್ಪಾಡು ಅದು. ಯಾರೂ ನೆಡದಿದ್ದರೆ, ನೆಟ್ಟಮೇಲೂ ಯಾರೂ ರುಚಿಯನ್ನು ಗಮನಿಸದಿದ್ದರೆ, ಆ ಮರ ಒಂದು ದಿನ ಸೌದೆಯಾಗುತ್ತಿತ್ತು.

ಹುಳಿಯ ಮನೆತನ

ನಿಂಬೆಯ ಜಾತಿಯ ಹಣ್ಣುಗಳಿಗೆ ಮೂವರು ಮುಖ್ಯ ಪೂರ್ವಜರು: ಮಾದಳ, ಚಕ್ಕೋತ, ಸಿಪ್ಪೆ ಸಡಿಲವಾದ ಕಿತ್ತಳೆ. ಉಳಿದ ಬಹುಪಾಲು ಇವುಗಳ ಬೆರಕೆ. ಚಕ್ಕೋತ, ಕಿತ್ತಳೆಗಳ ಸಂಬಂಧದಿಂದ ಮೂಸಂಬಿಯ ಬಳಗವೂ, ಅದೇ ಚಕ್ಕೋತವು ವೆಸ್ಟ್ ಇಂಡೀಸಿನಲ್ಲಿ ಬೆರೆತಾಗ ಗ್ರೇಪ್‌ಫ್ರೂಟೂ ಹುಟ್ಟಿದವು.

ದೇವನಹಳ್ಳಿಯ ಚಕ್ಕೋತ ತನ್ನ ಸಿಹಿಗೆ ಪ್ರಸಿದ್ಧ. 2008ರಲ್ಲಿ ಅಲ್ಲಿ ವಿಮಾನನಿಲ್ದಾಣ ತೆರೆದಮೇಲೆ ನೆಲದ ಬೆಲೆ ಏರಿ, ಮರಕ್ಕಿಂತ ನಿವೇಶನವೇ ಲಾಭವೆನಿಸಿತು. ಇದರ ಬಿಳಿಯ ತೊಗಟೆಯೂ ಪೊರೆಯೂ ಕಹಿ. ಅವನ್ನು ಪೂರ್ತಿ ಬಿಡಿಸಿ ಎಸಳುಗಳಿಗೆ ಉಪ್ಪು, ಮೆಣಸಿನಪುಡಿ ಉದುರಿಸಿದರೆ, ಇಲ್ಲವೆ ಹೆಸರುಬೇಳೆಯ ಕೋಸಂಬರಿಗೆ ಸೇರಿಸಿದರೆ ಸೊಗಸು. ಕೆಲವು ಔಷಧಗಳೊಡನೆ ಚಕ್ಕೋತ ಹೊಂದದು. ದಿನವೂ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿ ತಿನ್ನುವುದು ಕ್ಷೇಮ.

ಕೊಡಗಿನ ಕಿತ್ತಳೆ ಕಾಫಿಯ ತೋಟಗಳಲ್ಲಿ ಬೆಳೆದುದು. ಹಸಿರು ಬೆರೆತ ಹಳದಿ ಬಣ್ಣ, ಸಡಿಲವಾದ ಸಿಪ್ಪೆ, ಸಿಹಿಹುಳಿಗಳ ಸಮತೂಕ ಅದರ ಲಕ್ಷಣ. ಚಿಕ್ಕ ಕೀಟವೊಂದು ಹರಡುವ ‘ಹಸಿರು ರೋಗ’ ಮುಂತಾದವುಗಳಿಂದ ಆ ತೋಟಗಳು ಬಹಳ ಸೊರಗಿದವು. ಹಣ್ಣನ್ನು ತಿಂದು ಸಿಪ್ಪೆಯನ್ನು ಎಸೆಯದೆ, ಸಣ್ಣಗೆ ಹೆಚ್ಚಿ ಹುರಿದು, ಹುಣಿಸೆ, ಬೆಲ್ಲ, ಸಾರಿನಪುಡಿ ಕೂಡಿಸಿ ಕುದಿಸಿದ ಗೊಜ್ಜು ಅನ್ನಕ್ಕೂ ದೋಸೆಗೂ ಸಲ್ಲುತ್ತದೆ.

ಹೇರಳೆ, ಕಂಚಿಗಳು ಪೇಟೆಗೆ ಬರುವುದೇ ಅಪರೂಪ. ಅವು ಅಡಿಕೆತೋಟದ ಮನೆಗಳ ಸ್ವಂತ ಸೊತ್ತು. ಹೇರಳೆಯ ಚಿತ್ರಾನ್ನಕ್ಕೆ ನಿಂಬೆಯದಕ್ಕಿಲ್ಲದ ಒಂದು ಪರಿಮಳ. ರಸವನ್ನು ಒಲೆಯ ಮೇಲೆ ಕುದಿಸಿದರೆ ಕಹಿಯಾಗುತ್ತದೆ. ಒಗ್ಗರಣೆಯನ್ನು ಇಳಿಸಿ, ಅನ್ನ ಆರಿದ ಮೇಲೆ ಹಿಂಡಬೇಕು. ಉಳಿದ ಹೋಳುಗಳು ಉಪ್ಪಿನಲ್ಲಿ ಕೆಲವು ವಾರ ನೆನೆದರೆ ಕಹಿ ತಗ್ಗಿ, ಜ್ವರ ಬಿಟ್ಟ ಬಾಯಿಗೆ ಗಂಜಿಯ ಜೊತೆ ನೆಂಚಿಕೊಳ್ಳಲು ಒದಗುತ್ತವೆ.

ಕೊಳ್ಳುವಾಗ, ಇಡುವಾಗ

ಬಾಳೆ, ಮಾವು, ಹಲಸು, ಸಪೋಟಗಳು ಕೊಯ್ದ ಮೇಲೂ ಹಣ್ಣಾಗುತ್ತವೆ; ಕಿತ್ತಳೆ, ಚಕ್ಕೋತ, ಅನಾನಸ್, ದ್ರಾಕ್ಷಿಗಳು ಹಾಗಲ್ಲ. ಹುಳಿ ದ್ರಾಕ್ಷಿಯನ್ನು ಮನೆಗೆ ತಂದು ಕಾದರೆ ಅದು ಬಾಡುವುದೇ ಹೊರತು ಸಿಹಿಯಾಗದು. ಕಾಯಿಮಾವನ್ನು ಹುಲ್ಲಿನಲ್ಲೋ ಅಕ್ಕಿಯ ಡಬ್ಬದಲ್ಲೋ ಮುಚ್ಚಿಡುವ ಅಜ್ಜಿಯರ ಪದ್ಧತಿಯಲ್ಲಿ ವಿಜ್ಞಾನವಿದೆ. ಹಣ್ಣು ತಾನೇ ಬಿಡುವ ಎಥಿಲೀನ್ ಎಂಬ ಅನಿಲ ಹೊರಹೋಗದೆ ಉಳಿದು, ಪಿಷ್ಟವು ಬೇಗ ಸಕ್ಕರೆಯಾಗುತ್ತದೆ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣುಮಾಡುವುದನ್ನು ಕಾನೂನು ನಿಷೇಧಿಸಿದೆ. ಹೊರಗೆ ಒಂದೇ ಸಮನೆ ಹಳದಿಯಾಗಿದ್ದು ಮೂಸಿದರೆ ಕಂಪಿಲ್ಲದ ಮಾವನ್ನು ಸಂಶಯದಿಂದಲೇ ನೋಡಬೇಕು. ಪಚ್ಚಬಾಳೆಯ ಸಿಪ್ಪೆ ಹಸಿರಾಗಿರುವುದು ಮಾತ್ರ ದೋಷವಲ್ಲ. ಸೆಕೆಯ ಊರುಗಳಲ್ಲಿ ಸಹಜವಾಗಿ ಹಣ್ಣಾದಾಗ ಅದರ ಹಸಿರು ಪೂರ್ತಿ ಕರಗುವುದಿಲ್ಲ. ಬಾಳೆಹಣ್ಣನ್ನು ಶೀತಪೆಟ್ಟಿಗೆಯಲ್ಲಿಟ್ಟರೆ ಸಿಪ್ಪೆ ಬೇಗ ಕಪ್ಪಾಗುತ್ತದೆ. ಗಾಳಿಯಾಡುವಲ್ಲಿ ತೂಗುಹಾಕುವುದೇ ಲೇಸು.

ಎಲ್ಲಕ್ಕಿಂತ ಮುಖ್ಯವಾದ ಸಲಹೆ ಬೇರೆ. ಅಂಗಡಿಯಲ್ಲಿ ‘ಬಾಳೆಹಣ್ಣು ಕೊಡಿ, ಮಾವಿನಹಣ್ಣು ಕೊಡಿ’ ಎನ್ನದೆ, ರಸಬಾಳೆ ಇದೆಯೇ, ರಸಪುರಿ ಬಂದಿದೆಯೇ, ಹೇರಳೆ ತರಿಸಬಲ್ಲಿರಾ ಎಂದು ಕೇಳಬೇಕು. ಇಂದು ಇಲ್ಲವೆಂದರೂ, ನಾಲ್ವರು ಕೇಳಿದ ಹಣ್ಣನ್ನು ವ್ಯಾಪಾರಿ ನಾಳೆ ಹುಡುಕಿ ತರುತ್ತಾನೆ. ಅವನು ಹುಡುಕುತ್ತಾ ಬಂದನೆಂದರೆ ತೋಟದವನು ಗಿಡವನ್ನು ಕಡಿಯುವ ಮುನ್ನ ಮತ್ತೊಮ್ಮೆ ಯೋಚಿಸುತ್ತಾನೆ. 1999ರ ಕಾಯಿದೆ ಹಣ್ಣಿನ ಹೆಸರಿಗೆ ರಕ್ಷಣೆ ಕೊಡಬಲ್ಲದು, ಮರಕ್ಕೆ ನೀರೆರೆಯಲಾರದು.

ಉಬ್ರಾಣಿಯ ಸೀಮೆಯಲ್ಲಿ ಅಡಿಕೆಯ ಬೆಲೆ ಏರಿದಷ್ಟೂ ಬದುವಿನ ಮಾವು, ಬೇಲಿಯ ಹಲಸು ಜಾಗ ತಿನ್ನುವ ಮರಗಳಾಗಿ ಕಾಣುವುದು ಸಹಜ. ಕೃಷಿಕನನ್ನು ದೂರಿ ಪ್ರಯೋಜನವಿಲ್ಲ. ಅವನೂ ಮನೆ ನಡೆಸಬೇಕಷ್ಟೆ. ಆದರೆ ಬೇಸಗೆಯ ರಜೆಗೆ ಪಟ್ಟಣದಿಂದ ಬಂದ ಮೊಮ್ಮಗಳು ‘ಅಜ್ಜಿ, ಈ ವರ್ಷ ಹಲಸಿನ ಕಡುಬು ಮಾಡುವುದಿಲ್ಲವೇ?’ ಎಂದು ಕೇಳುವ ಮನೆಯಲ್ಲಿ, ಬೇಲಿಯ ಅಂಬಲಿ ಹಲಸಿಗೆ ಅಷ್ಟು ಸುಲಭವಾಗಿ ಯಾರೂ ಕೊಡಲಿ ಇಡುವುದಿಲ್ಲ.